ಮಕ್ಕಳ ಮನೆಯ ಮಹಾತಾಯಿ ಮರಿಯಾ ಮಾಂಟೆಸ್ಸರಿ

ಮಗುವಿಗೆ ಮೂರು ವರ್ಷ ತುಂಬುತ್ತಲೇ ಅದನ್ನು ಎಲ್ಲಿಗೆ ಸೇರಿಸಬೇಕೆಂಬ ಚಿಂತೆ ನಮ್ಮ ಕುಟುಂಬಗಳಲ್ಲಿ ಆರಂಭವಾಗುತ್ತದೆ. ಯಾವ ಶಾಲೆ, ಯಾವ ಮಾಧ್ಯಮ, ಎಷ್ಟು ಶುಲ್ಕ ಎಂದು ತಂದೆತಾಯಂದಿರು ನಾಲ್ಕಾರು ಕಡೆ ವಿಚಾರಿಸುತ್ತಾರೆ. ಆದರೆ ಆ ಪುಟ್ಟ ಮಗುವಿನ ಒಂದು ದಿನ ಹೇಗೆ ಆರಂಭವಾಗಬೇಕು, ಹೇಗೆ ಸಾಗಬೇಕು, ಹೇಗೆ ಮುಗಿಯಬೇಕು ಎಂದು ಕೇಳುವವರು ವಿರಳ. ನೂರು ವರ್ಷಗಳಿಗೂ ಹಿಂದೆ ಕಥೋಲಿಕ ಮಹಿಳೆಯೊಬ್ಬರು ಈ ಪ್ರಶ್ನೆಯನ್ನು ತಮ್ಮ ಬದುಕಿನ ಪ್ರಶ್ನೆಯಾಗಿ ಸ್ವೀಕರಿಸಿದರು. ಬಡಮಕ್ಕಳ ದಿನವನ್ನು ಗಂಟೆಗಂಟೆಗೆ ವಿಂಗಡಿಸಿ ಒಂದು ಕ್ರಮವನ್ನು ಬರೆದರು. ಆ ಕ್ರಮದಲ್ಲಿ ಕೊರತೆ ಕಂಡಾಗ ಅದನ್ನು ಮಕ್ಕಳಿಂದಲೇ ತಿದ್ದಿಸಿಕೊಂಡರು. ಮಾಂಟೆಸ್ಸರಿ ಎಂಬ ಹೆಸರು ಇಂದು ನಮ್ಮ ಊರೂರುಗಳ ಶಾಲಾ ಫಲಕಗಳ ಮೇಲೆ ಕಾಣಸಿಗುತ್ತದೆ. ಆ ಹೆಸರಿನ ಹಿಂದಿರುವ ಜೀವ ಯಾವುದು, ಆಕೆ ಕಂಡುಕೊಂಡ ಸತ್ಯವೇನು, ಅದಕ್ಕೆ ತೆತ್ತ ಬೆಲೆಯೇನು ಎಂಬುದನ್ನು ಅರಿತವರು ಮಾತ್ರ ಕಡಿಮೆ.

ವೈದ್ಯೆಯಾದ ಹುಡುಗಿ

ಮರಿಯಾ ಮಾಂಟೆಸ್ಸರಿ 1870ರ ಆಗಸ್ಟ್ 31ರಂದು ಇಟಲಿಯ ಅಂಕೋನಾ ಪ್ರಾಂತದ ಕ್ಯಾರವಾಲೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆ ಅಲೆಸ್ಸಾಂಡ್ರೋ ಸರಕಾರದ ಹಣಕಾಸು ಇಲಾಖೆಯ ನೌಕರರು. ತಾಯಿ ರೆನಿಲ್ದೆ ಸ್ಟೊಪ್ಪಾನಿ ಓದುಬರಹದಲ್ಲಿ ಆಸಕ್ತಿಯಿದ್ದ ಮಹಿಳೆ. 1875ರಲ್ಲಿ ಕುಟುಂಬವು ರೋಮ್ ನಗರಕ್ಕೆ ಬಂದು ನೆಲಸಿತು. ಅಂದಿನ ಹೆಣ್ಣುಮಕ್ಕಳಿಗೆ ಶಿಕ್ಷಕಿಯ ಕೆಲಸವೊಂದೇ ತಕ್ಕುದೆಂದು ಸಮಾಜವು ಭಾವಿಸಿದ್ದ ಕಾಲದಲ್ಲಿ, ಹದಿಮೂರರ ಈ ಹುಡುಗಿ ತಾಂತ್ರಿಕ ಶಾಲೆಗೆ ಸೇರಿದಳು. ಬಳಿಕ ಮನಸ್ಸು ವೈದ್ಯಶಾಸ್ತ್ರದತ್ತ ಒಲಿಯಿತು. ತಂದೆಗೆ ಇದು ಹಿಡಿಸಲಿಲ್ಲ. ತಾಯಿ ಬೆಂಬಲವಾಗಿ ನಿಂತರು. ಶವಛೇದನದ ಕೋಣೆಯಲ್ಲಿ ಪುರುಷ ವಿದ್ಯಾರ್ಥಿಗಳ ಜೊತೆ ಹೆಣ್ಣೊಬ್ಬಳು ನಿಲ್ಲುವುದು ಸಭ್ಯತೆಯಲ್ಲವೆಂದು, ಎಲ್ಲರೂ ಹೋದ ಮೇಲೆ ಸಂಜೆ ಆಕೆ ಒಬ್ಬಳೇ ಆ ಅಭ್ಯಾಸವನ್ನು ಮಾಡಬೇಕಾಗಿತ್ತು. 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದು, ಇಟಲಿಯ ಮೊದಲ ವೈದ್ಯೆಯರ ಸಾಲಿನಲ್ಲಿ ಸೇರಿದರು.

ವಿಶ್ವವಿದ್ಯಾನಿಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದಾಗ ಹುಚ್ಚಾಸ್ಪತ್ರೆಗಳಿಗೆ ಭೇಟಿ ನೀಡುವುದು ಅವರ ಕರ್ತವ್ಯವಾಗಿತ್ತು. ಅಲ್ಲಿ ಬುದ್ಧಿಮಾಂದ್ಯ ಮಕ್ಕಳನ್ನು ವಯಸ್ಕ ರೋಗಿಗಳೊಡನೆ ಬರಿಗೋಡೆಗಳ ನಡುವೆ ಕೂಡಿಹಾಕಲಾಗಿತ್ತು. ಊಟವಾದೊಡನೆ ಈ ಮಕ್ಕಳು ನೆಲದಲ್ಲಿ ಬಿದ್ದ ರೊಟ್ಟಿಯ ಚೂರುಗಳಿಗಾಗಿ ತಡಕಾಡುವುದನ್ನು ನೋಡಿಕೊಳ್ಳುವಾಕೆ ಹೇಸಿಗೆಯಿಂದ ವರ್ಣಿಸಿದಳಂತೆ. ಮರಿಯಾ ಆ ದೃಶ್ಯವನ್ನು ಬೇರೆ ಕಣ್ಣಿನಿಂದ ಕಂಡರು. ಕೋಣೆಯಲ್ಲಿ ಮುಟ್ಟಲು, ಹಿಡಿಯಲು, ಆಡಲು ಒಂದು ವಸ್ತುವೂ ಇರಲಿಲ್ಲ. ಮಕ್ಕಳ ಹಸಿವು ಹೊಟ್ಟೆಯದಲ್ಲ, ಕೈಯದು, ಮನಸ್ಸಿನದು ಎಂದು ಅವರಿಗೆ ಹೊಳೆಯಿತು. ಇಟಾರ್ ಮತ್ತು ಸೆಗೆನ್ ಎಂಬ ಫ್ರೆಂಚ್ ವೈದ್ಯರ ಗ್ರಂಥಗಳನ್ನು ಓದಿ, ಮಕ್ಕಳ ಇಂದ್ರಿಯಗಳನ್ನು ಎಚ್ಚರಿಸುವ ಉಪಕರಣಗಳನ್ನು ಸಿದ್ಧಪಡಿಸಿದರು. ಆ ಮಕ್ಕಳಲ್ಲಿ ಕೆಲವರು ಓದುಬರಹ ಕಲಿತು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಜನರು ಬೆರಗಾದರು. ಮರಿಯಾರಿಗೆ ಮಾತ್ರ ಬೇರೊಂದು ಪ್ರಶ್ನೆ ಕಾಡಿತು. ಹಿಂದುಳಿದ ಮಕ್ಕಳು ಇಷ್ಟು ಕಲಿಯಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಅದೇ ಮಟ್ಟದಲ್ಲಿ ಹಿಡಿದಿಟ್ಟಿರುವುದೇಕೆ?

ಮರೆಯಲ್ಲಿದ್ದ ನೋವು

ಈ ವರ್ಷಗಳಲ್ಲೇ ಅವರ ಬಾಳಿನ ಅತ್ಯಂತ ನೋವಿನ ಅಧ್ಯಾಯವೂ ಆರಂಭವಾಯಿತು. ಸಹೋದ್ಯೋಗಿ ವೈದ್ಯ ಜುಸೆಪ್ಪೆ ಮೊಂತೆಸಾನೋ ಅವರೊಡನೆ ಬೆಳೆದ ಪ್ರೇಮದಿಂದ 1898ರ ಮಾರ್ಚ್ 31ರಂದು ಮಾರಿಯೋ ಎಂಬ ಮಗ ಹುಟ್ಟಿದ. ಅವರ ವಿವಾಹವಾಗಿರಲಿಲ್ಲ. ವಿಷಯ ಬಯಲಾಗಿದ್ದರೆ ಅಂದಿನ ಸಮಾಜದಲ್ಲಿ ಆ ತಾಯಿಗೆ ಉದ್ಯೋಗವೂ ಇಲ್ಲ, ಗೌರವವೂ ಇಲ್ಲ. ಮಗುವನ್ನು ರೋಮ್‌ನ ಹೊರಗಿನ ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಯಲು ಬಿಡಲಾಯಿತು. ತಾಯಿ ಆಗಾಗ ಬಂದು ನೋಡಿ ಹೋಗುತ್ತಿದ್ದರೂ ತಾನು ಯಾರೆಂದು ಹೇಳುವಂತಿರಲಿಲ್ಲ. 1901ರಲ್ಲಿ ಮೊಂತೆಸಾನೋ ಬೇರೊಬ್ಬರನ್ನು ಮದುವೆಯಾದರು. ಅದೇ ವರ್ಷ ಮರಿಯಾ ತಮ್ಮ ಸ್ಥಾನವನ್ನು ತೊರೆದು, ತತ್ತ್ವಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರಗಳನ್ನು ಕಲಿಯಲು ಪುನಃ ವಿದ್ಯಾರ್ಥಿನಿಯಾದರು.

ಇದನ್ನು ಇಲ್ಲಿ ಹೇಳುವುದು ತೀರ್ಪು ನೀಡುವುದಕ್ಕಲ್ಲ. ಲೋಕದ ಮಕ್ಕಳ ಮುಂಜಾನೆ, ಮಧ್ಯಾಹ್ನ, ಸಂಜೆಗಳನ್ನು ಇಷ್ಟೊಂದು ಅಕ್ಕರೆಯಿಂದ ಹೆಣೆದ ಕೈಗಳಿಗೆ ಸ್ವಂತ ಮಗನ ಬಾಲ್ಯದ ಒಂದು ದಿನವೂ ಪೂರ್ಣವಾಗಿ ದಕ್ಕಲಿಲ್ಲ. ಈ ಸತ್ಯವನ್ನು ಮರೆಮಾಚಿ ಅವರ ಕೆಲಸವನ್ನು ಅರ್ಥಮಾಡಿಕೊಳ್ಳಲಾಗದು.

ಮೂರು ರಾಯರ ಹಬ್ಬದಂದು ತೆರೆದ ಬಾಗಿಲು

ರೋಮ್‌ನ ಸಾನ್ ಲೊರೆನ್ಸೊ ಅಂದು ಕಡುಬಡವರ ಬಡಾವಣೆ. ಕಟ್ಟಡ ವ್ಯವಹಾರದ ಕುಸಿತದಿಂದ ಅರ್ಧಕ್ಕೆ ನಿಂತ ದೊಡ್ಡ ವಸತಿಗೃಹಗಳಲ್ಲಿ ಕೂಲಿಕಾರರ ಕುಟುಂಬಗಳು ಕಿಕ್ಕಿರಿದು ವಾಸಿಸುತ್ತಿದ್ದವು. ಆ ಗೃಹಗಳನ್ನು ದುರಸ್ತಿ ಮಾಡಿಸುತ್ತಿದ್ದ ಸಂಸ್ಥೆಯ ಮುಖ್ಯಸ್ಥರಾದ ಎಡೊವಾರ್ಡೊ ತಲಾಮೋ ಎಂಬ ಎಂಜಿನಿಯರರಿಗೆ ಒಂದು ಚಿಂತೆ ಹತ್ತಿತು. ತಂದೆತಾಯಂದಿರು ದುಡಿಯಲು ಹೋದಾಗ ಶಾಲೆಯ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳಲ್ಲಿ ಅಲೆಯುತ್ತಾ ಗೋಡೆಗಳನ್ನು ಗೀಚಿ ಹಾಳುಮಾಡುತ್ತಿದ್ದರು. ಅವರೆಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳುವ ವ್ಯವಸ್ಥೆಗಾಗಿ ಅವರು ಮರಿಯಾರನ್ನು ಕರೆದರು. ಗೋಡೆಯನ್ನು ಉಳಿಸಲು ಹೊರಟ ಈ ಯೋಜನೆ ಮಕ್ಕಳನ್ನು ಉಳಿಸುವ ಸಾಧನವಾಯಿತು.

1907ರ ಜನವರಿ 6ರಂದು, ಅಂದರೆ ಮೂರು ರಾಯರ ಹಬ್ಬದ ದಿನ, ಸುಮಾರು ಐವತ್ತು ಮಕ್ಕಳೊಂದಿಗೆ ಮೊದಲ ಮಕ್ಕಳ ಮನೆ ಆರಂಭವಾಯಿತು. ಭೂಮಿಯನ್ನು ಕತ್ತಲು ಕವಿದಿದ್ದರೂ ಜೆರುಸಲೇಮಿನ ಮೇಲೆ ಪ್ರಭುವಿನ ಬೆಳಕು ಉದಯಿಸುವುದೆಂದು ಯೆಶಾಯ ಪ್ರವಾದಿಯು ಸಾರಿದ ವಾಚನ ಆ ದಿನ ದೇವಾಲಯಗಳಲ್ಲಿ ಓದಲ್ಪಡುತ್ತದೆ. ಆ ವಾಚನವನ್ನು ಮರಿಯಾ ಮುಂದೆಯೂ ನೆನೆಯುತ್ತಿದ್ದರು. ಮನೆಯ ನಿಯಮಗಳನ್ನು ಗೋಡೆಯ ಮೇಲೆ ತೂಗುಹಾಕಲಾಗಿತ್ತು. ಶುಲ್ಕವಿಲ್ಲ. ಆದರೆ ತಾಯಂದಿರು ಮಕ್ಕಳನ್ನು ನಿಗದಿತ ವೇಳೆಗೆ, ಶುಚಿಯಾಗಿ, ಉಡುಪಿನ ಮೇಲೆ ಏಪ್ರನ್ ತೊಡಿಸಿ ಕಳುಹಿಸಬೇಕು. ವಾರಕ್ಕೊಮ್ಮೆಯಾದರೂ ಶಿಕ್ಷಕಿಯನ್ನು ಕಂಡು ಮಗುವಿನ ವಿಷಯ ಮಾತನಾಡಬೇಕು. ಬಡತನವೆಂದು ಯಾರಿಗೂ ಈ ಹೊಣೆಯಿಂದ ವಿನಾಯಿತಿ ಇರಲಿಲ್ಲ. ಬಡವರಿಗೆ ದಾನ ಮಾತ್ರ ಸಾಲದು, ಹೊಣೆಯನ್ನು ಒಪ್ಪಿಸುವುದೂ ಅವರಿಗೆ ಸಲ್ಲಿಸುವ ಗೌರವವೇ ಎಂದು ಅವರು ತಿಳಿದಿದ್ದರು.

ಒಂಬತ್ತರಿಂದ ನಾಲ್ಕರವರೆಗೆ

1909ರಲ್ಲಿ ಪ್ರಕಟವಾದ ತಮ್ಮ ಮೊದಲ ದೊಡ್ಡ ಗ್ರಂಥದಲ್ಲಿ ಮರಿಯಾ ಚಳಿಗಾಲಕ್ಕಾಗಿ ಒಂದು ದಿನಚರಿಯನ್ನು ಮುಂದಿಟ್ಟಿದ್ದಾರೆ. ಬೆಳಿಗ್ಗೆ 9ಕ್ಕೆ ಮಕ್ಕಳು ಬರುತ್ತಾರೆ, ನಮಸ್ಕರಿಸುತ್ತಾರೆ. ಕೈ, ಉಗುರು, ಕೂದಲುಗಳ ಶುಚಿತ್ವವನ್ನು ನೋಡಲಾಗುತ್ತದೆ. ಒಬ್ಬರಿಗೊಬ್ಬರು ನೆರವಾಗಿ ಏಪ್ರನ್ ಕಟ್ಟಿಕೊಳ್ಳುತ್ತಾರೆ. ಕೋಣೆಯ ಧೂಳು ಒರೆಸಿ ಎಲ್ಲವೂ ಅದರದರ ಸ್ಥಾನದಲ್ಲಿದೆಯೇ ಎಂದು ನೋಡುತ್ತಾರೆ. ಬಳಿಕ ಕುಳಿತು ಹಿಂದಿನ ದಿನ ಮನೆಯಲ್ಲಿ ನಡೆದುದನ್ನು ಹೇಳುತ್ತಾರೆ, ಪ್ರಾರ್ಥಿಸುತ್ತಾರೆ. 10ರಿಂದ 11ರವರೆಗೆ ಬುದ್ಧಿ ಮತ್ತು ಇಂದ್ರಿಯಗಳ ಅಭ್ಯಾಸ, ನಡುನಡುವೆ ಕಿರುವಿಶ್ರಾಂತಿ. ಅನಂತರ ಅರ್ಧ ಗಂಟೆ ಸರಳ ವ್ಯಾಯಾಮ: ಸರಿಯಾಗಿ ನಡೆಯುವುದು, ವಂದಿಸುವುದು, ವಸ್ತುವನ್ನು ಸದ್ದಿಲ್ಲದೆ ಇಡುವುದು. 11.30ಕ್ಕೆ ಕಿರುಪ್ರಾರ್ಥನೆಯೊಂದಿಗೆ ಊಟ. 12ರಿಂದ 1ರವರೆಗೆ ಮನಬಂದ ಆಟ. 1ರಿಂದ 2ರವರೆಗೆ ಸಾಧ್ಯವಾದರೆ ಬಯಲಿನಲ್ಲಿ ಶಿಕ್ಷಕಿ ನಡೆಸುವ ಆಟ. ಈ ವೇಳೆಯಲ್ಲಿ ದೊಡ್ಡ ಮಕ್ಕಳು ಸರದಿಯಂತೆ ಕೋಣೆಯನ್ನು ಶುಚಿಗೊಳಿಸುತ್ತಾರೆ. 2ರಿಂದ 3ರವರೆಗೆ ಜೇಡಿಮಣ್ಣಿನ ಕೆಲಸ, ಚಿತ್ರ. 3ರಿಂದ 4ರವರೆಗೆ ಹಾಡು, ಸಾಮೂಹಿಕ ವ್ಯಾಯಾಮ, ಗಿಡಗಳ ಮತ್ತು ಸಾಕುಪ್ರಾಣಿಗಳ ಆರೈಕೆ.

ಈ ದಿನಚರಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಾಣುತ್ತದೆ. ಮಗುವಿನ ದೇಹ, ಬುದ್ಧಿ, ಆತ್ಮ ಮತ್ತು ನೆರೆಹೊರೆ ಎಂಬ ನಾಲ್ಕಕ್ಕೂ ಇಲ್ಲಿ ಪಾಲಿದೆ. ಪ್ರಾರ್ಥನೆಯು ಪ್ರತ್ಯೇಕ ಪಾಠವಾಗಿ ನಿಲ್ಲದೆ ಬೆಳಗಿನ ಮಾತುಕತೆಗೂ ಮಧ್ಯಾಹ್ನದ ಊಟಕ್ಕೂ ಅಂಟಿಕೊಂಡಿದೆ. ಪೊರಕೆ ಹಿಡಿಯುವುದು, ಗಿಡಕ್ಕೆ ನೀರೆರೆಯುವುದು ಅಕ್ಷರದಷ್ಟೇ ಗೌರವದ ಕೆಲಸಗಳಾಗಿವೆ.

ನಿದ್ರೆಯ ವಿಷಯದಲ್ಲಂತೂ ಅವರ ಕಾಳಜಿ ತಾಯಿಯದೇ. ಇಷ್ಟು ದೀರ್ಘವಾದ ದಿನದ ನಡುವೆ ಪುಟ್ಟ ಮಕ್ಕಳಿಗೆ ಕನಿಷ್ಠ ಒಂದು ಗಂಟೆಯ ನಿದ್ರೆ ಬೇಕೆಂದು ಬರೆದರು. ವಸತಿಗೃಹದೊಳಗೇ ಮಕ್ಕಳ ಮನೆಯಿದ್ದುದರಿಂದ ಚಿಕ್ಕವರನ್ನು ಬೀದಿಗಿಳಿಸದೆ ಅವರ ಮನೆಗೇ ಕಳುಹಿಸಿ ಮಲಗಿಸಲು ಸಾಧ್ಯವಿತ್ತು. ಈ ಅನುಕೂಲವಿಲ್ಲದ ಕಡೆ ಮಕ್ಕಳು ಕುಳಿತಲ್ಲೇ ತೂಕಡಿಸುವುದನ್ನು ಕಂಡು ನೊಂದರು. ಬೆಳಕು ತಗ್ಗಿಸಿದ ಶಾಂತವಾದ ಕೋಣೆಯಲ್ಲಿ, ನೆಲಕ್ಕೆ ಸಮೀಪದಲ್ಲಿ ಕಟ್ಟಿದ ತೂಗುಹಾಸಿಗೆಗಳಲ್ಲಿ ಅವರು ಮಲಗುವ ದಿನ ಬರಲೆಂದು ಹಾರೈಸಿದರು.

ಮಕ್ಕಳು ತಿದ್ದಿದ ದಿನಚರಿ

ಆದರೆ ಮರಿಯಾರ ಹಿರಿಮೆ ದಿನಚರಿಯನ್ನು ಬರೆದುದರಲ್ಲಷ್ಟೇ ಇಲ್ಲ. ಒಂದು ದಿನ ಮೂರು ವರ್ಷದ ಹುಡುಗಿಯೊಬ್ಬಳು ಮರದ ಸಿಲಿಂಡರುಗಳನ್ನು ಅವುಗಳ ಕುಳಿಗಳಲ್ಲಿ ಕೂಡಿಸಿ ತೆಗೆಯುವುದರಲ್ಲಿ ಮಗ್ನಳಾಗಿದ್ದಳು. ಆಕೆಯ ಏಕಾಗ್ರತೆಯನ್ನು ಪರೀಕ್ಷಿಸಲು ಉಳಿದ ಮಕ್ಕಳಿಂದ ಹಾಡಿಸಲಾಯಿತು. ಹುಡುಗಿ ತಲೆಯೆತ್ತಲಿಲ್ಲ. ಆಕೆಯನ್ನು ಕುರ್ಚಿಯೊಡನೆ ಎತ್ತಿ ಮೇಜಿನ ಮೇಲಿಟ್ಟರೂ ಸಿಲಿಂಡರುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಬಾರಿ ಮಾಡಿದ ಬಳಿಕ ತಾನಾಗಿ ನಿಲ್ಲಿಸಿ, ಸುಖನಿದ್ರೆಯಿಂದ ಎದ್ದವಳಂತೆ ನಕ್ಕಳು. ದಣಿವಿನ ಗುರುತೇ ಇರಲಿಲ್ಲ.

ಇನ್ನೊಮ್ಮೆ ಶಿಕ್ಷಕಿ ಕಪಾಟಿಗೆ ಬೀಗ ಹಾಕಲು ಮರೆತಿದ್ದರು. ಮರುದಿನ ಅವರು ತಡವಾಗಿ ಬಂದಾಗ ಮಕ್ಕಳು ತಮಗೆ ಬೇಕಾದ ಉಪಕರಣವನ್ನು ತಾವೇ ತೆಗೆದು ಕೆಲಸದಲ್ಲಿ ತೊಡಗಿದ್ದರು. ಶಿಕ್ಷಕಿಗೆ ಇದು ಕಳ್ಳತನದಂತೆ ತೋರಿತು. ಮರಿಯಾರಿಗೆ ಮಕ್ಕಳು ಆರಿಸಬಲ್ಲರೆಂಬುದರ ಸಾಕ್ಷಿಯಾಗಿ ತೋರಿತು. ಅಂದಿನಿಂದ ಎತ್ತರದ ಬೀಗದ ಕಪಾಟುಗಳು ಹೋಗಿ, ಮಕ್ಕಳ ಕೈಗೆಟಕುವ ತೆರೆದ ಕಪಾಟುಗಳು ಬಂದವು.

ಇಂತಹ ಹಲವು ಅವಲೋಕನಗಳ ಫಲವಾಗಿ ಗಂಟೆಗಂಟೆಗೆ ಕೆಲಸ ಬದಲಿಸುವ ಕ್ರಮವನ್ನು ಅವರು ಕ್ರಮೇಣ ಸಡಿಲಿಸಿದರು. 1916ರ ಗ್ರಂಥದಲ್ಲಿ ಮಕ್ಕಳ ಬೆಳಗಿನ ಕೆಲಸದ ಏರಿಳಿತವನ್ನು ರೇಖೆಗಳಲ್ಲಿ ಚಿತ್ರಿಸಿ ತೋರಿಸಿದರು. ಮಕ್ಕಳು ಬಂದೊಡನೆ ಸುಲಭದ ಕೆಲಸವೊಂದನ್ನು ಹಿಡಿಯುತ್ತಾರೆ. ಸುಮಾರು 10 ಗಂಟೆಗೆ ಕೋಣೆಯಲ್ಲಿ ಗದ್ದಲ, ಅಲೆದಾಟ ಹೆಚ್ಚುತ್ತದೆ. ಮಕ್ಕಳು ದಣಿದರೆಂದು ತಿಳಿದ ಶಿಕ್ಷಕಿ ಆಗ ಆಟಕ್ಕೆ ಬಿಡುತ್ತಾಳೆ. ಅದು ನಿಜವಾದ ದಣಿವಲ್ಲ ಎಂಬುದೇ ಮರಿಯಾರ ಶೋಧನೆ. ಸ್ವಲ್ಪ ತಾಳ್ಮೆಯಿಂದ ಕಾದರೆ ಮಕ್ಕಳು ತಾವಾಗಿಯೇ ಆ ದಿನದ ಅತ್ಯಂತ ಕಠಿಣವಾದ ಕೆಲಸವನ್ನು ಆರಿಸಿ ಅದರಲ್ಲಿ ಮುಳುಗುತ್ತಾರೆ. ಕೊನೆಗೆ ಸಮಾಧಾನದಿಂದ ಎದ್ದು ಗೆಳೆಯರತ್ತ ಸ್ನೇಹದಿಂದ ತಿರುಗುತ್ತಾರೆ. ಆದುದರಿಂದ ಬೆಳಿಗ್ಗೆ ಸುಮಾರು ಮೂರು ಗಂಟೆ ಯಾವ ಗಂಟೆಯೂ ಬಾರಿಸದ ಅಖಂಡ ಕಾಲವಿರಬೇಕೆಂಬುದು ಈ ಪದ್ಧತಿಯ ಮುಖ್ಯ ನಿಯಮವಾಯಿತು.

ತತ್ತ್ವಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಹಳೆಯ ವಿವಾದಕ್ಕೆ ಸಮಾಧಾನ ದೊರೆಯುತ್ತದೆ. ಕ್ರಮ ಹೆಚ್ಚಿದಷ್ಟು ಸ್ವಾತಂತ್ರ್ಯ ಕಡಿಮೆ, ಸ್ವಾತಂತ್ರ್ಯ ಹೆಚ್ಚಿದಷ್ಟು ಕ್ರಮ ಕಡಿಮೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸಂತ ಅಗಸ್ತೀನರು ಶಾಂತಿಯನ್ನು ಕ್ರಮದಲ್ಲಿ ನೆಲೆಗೊಂಡ ನೆಮ್ಮದಿಯೆಂದು ಕಂಡರು. ಸಂತ ತೋಮಸ್ ಅಕ್ವಿನಾಸರು ಅರಿವು ಇಂದ್ರಿಯಗಳ ಬಾಗಿಲಿನಿಂದಲೇ ಬುದ್ಧಿಯನ್ನು ಪ್ರವೇಶಿಸುವುದೆಂದು ಬೋಧಿಸಿದರು. ಸಂತ ಬೆನೆಡಿಕ್ಟರು ಪ್ರಾರ್ಥನೆ, ಓದು, ಕೈಕೆಲಸಗಳಿಗೆ ದಿನವನ್ನು ಹಂಚಿಕೊಟ್ಟು ಸನ್ಯಾಸಿಗಳ ಮನಸ್ಸನ್ನು ದೇವರತ್ತ ಬಿಡುಗಡೆಗೊಳಿಸಿದರು. ಈ ಮೂವರ ಮಾತುಗಳಲ್ಲಿರುವ ಸತ್ಯವನ್ನು ಮರಿಯಾ ಮೂರು ವರ್ಷದ ಮಗುವಿನಲ್ಲಿ ಕಣ್ಣಾರೆ ಕಂಡರು. ಊಟ, ನಿದ್ರೆ, ಪ್ರಾರ್ಥನೆ, ವಸ್ತುಗಳ ಸ್ಥಾನ ಇವು ದಿನದಿನವೂ ಬದಲಾಗದಿದ್ದಾಗ ಮಗುವಿಗೆ ಭಯವಿರುವುದಿಲ್ಲ. ಭಯವಿಲ್ಲದ ಮಗುವೇ ಸ್ವತಂತ್ರವಾಗಿ ಕೆಲಸದಲ್ಲಿ ಮುಳುಗಬಲ್ಲದು. ಕ್ರಮವು ಮನೆಯ ನಾಲ್ಕು ಗೋಡೆಯಂತೆ. ಒಳಗಿನ ಅಂಗಳವನ್ನು ಮಗುವಿಗೇ ಬಿಟ್ಟುಕೊಡಬೇಕು.

ಧರ್ಮಸಭೆಯ ಮಡಿಲಲ್ಲಿ

1908ರ ಡಿಸೆಂಬರ್ 28ರಂದು ಮೆಸ್ಸಿನಾ ನಗರವನ್ನು ಭೂಕಂಪ ನೆಲಸಮಗೊಳಿಸಿತು. ಅಲ್ಲಿನ ಅನಾಥ ಮಕ್ಕಳನ್ನು ರೋಮ್‌ನ ಜುಸ್ತಿ ಬೀದಿಯ ಕಾನ್ವೆಂಟಿನಲ್ಲಿ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಧರ್ಮಭಗಿನಿಯರು ಆಶ್ರಯವಿತ್ತು ಸಾಕಿದರು. ಈ ಸಂಸ್ಥೆ 1877ರಲ್ಲಿ ನಮ್ಮ ನೆರೆಯ ಊಟಿಯಲ್ಲೇ ಹುಟ್ಟಿದುದೆಂಬುದು ನಮಗೆ ಅಭಿಮಾನದ ಸಂಗತಿ. ಹೆಸರು ಹೇಳಲೂ ಆಗದೆ ಮೂಕರಾಗಿ, ಉಣ್ಣದೆ, ರಾತ್ರಿಯಿಡೀ ಅಳುತ್ತಿದ್ದ ಆ ಮಕ್ಕಳಿಗಾಗಿ ಅಲ್ಲಿ ಮಕ್ಕಳ ಮನೆ ತೆರೆಯಿತು. ಮೇಜು ಸಿದ್ಧಪಡಿಸುವುದು, ತಟ್ಟೆಗಳನ್ನು ಇಡುವುದು, ಇತರರಿಗೆ ಬಡಿಸುವುದು, ಎತ್ತಿ ತೊಳೆಯುವುದು ಇತ್ಯಾದಿಗಳನ್ನು ದಿನದಿನವೂ ಅದೇ ವೇಳೆಗೆ ಅದೇ ಬಗೆಯಲ್ಲಿ ಮಾಡುತ್ತಾ ಮಾಡುತ್ತಾ ಮಕ್ಕಳ ಹಸಿವೂ ನಿದ್ರೆಯೂ ಮರಳಿದವು. ನಗು ಕೂಡ ಮರಳಿತು. ಕಾಲಡಿಯ ನೆಲವೇ ಕುಸಿದುಹೋದ ಮಕ್ಕಳಿಗೆ ದಿನದ ಕ್ರಮವೇ ಮತ್ತೊಮ್ಮೆ ನೆಲವಾಯಿತೆನ್ನಬಹುದು.

1910ರಲ್ಲಿ ಸಂತ ಹತ್ತನೇ ಪಿಯುಸರು, ಅಂದಿನ ಪೋಪ್, ಸುಮಾರು ಏಳು ವರ್ಷದ ಮಕ್ಕಳಿಗೂ ಪರಮಪ್ರಸಾದ ನೀಡಬಹುದೆಂದು ಆಜ್ಞಾಪಿಸಿದರು. ಪುಟ್ಟ ಮಗುವಿಗೂ ದೇವರ ಹಸಿವಿದೆಯೆಂಬ ಮರಿಯಾರ ನಂಬಿಕೆಗೆ ಇದರಿಂದ ಬಲ ಬಂತು. ಮುಂದೆ ಬಾರ್ಸೆಲೋನಾದಲ್ಲಿ ಮಕ್ಕಳ ಅಳತೆಗೆ ತಕ್ಕ ಕುರ್ಚಿಗಳು, ಅವರ ಕೈಗೆಟಕುವ ತೀರ್ಥದ ಪಾತ್ರೆಗಳಿದ್ದ ಪ್ರಾರ್ಥನಾಮಂದಿರವೊಂದು ಸಿದ್ಧವಾಯಿತು. ಮಕ್ಕಳು ತಾವೇ ಗೋಧಿ ಬಿತ್ತಿ, ದ್ರಾಕ್ಷಿ ಬೆಳೆದು, ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುವುದೆಂದು ಮಣ್ಣಿನಿಂದಲೇ ಕಲಿತರು. ಚರ್ಚಿನಲ್ಲಿ ಮಗುವಿನ ಬಾಳು, ಬಲಿಪೂಜೆಯ ಅರ್ಥ ಮುಂತಾದ ವಿಷಯಗಳ ಮೇಲೆ ಅವರು ಪುಸ್ತಕಗಳನ್ನು ಬರೆದರು.

ಟೀಕೆಗಳೂ ಬಂದವು. ಮಗುವಿನ ಸ್ವಭಾವದಲ್ಲಿ ಇಷ್ಟೊಂದು ವಿಶ್ವಾಸವಿಟ್ಟರೆ ಜನ್ಮಪಾಪದ ಬೋಧನೆ ಏನಾಗುವುದೆಂದು ಕೆಲವು ಕಥೋಲಿಕ ಚಿಂತಕರು ಶಂಕಿಸಿದರು. ಪ್ರಶ್ನೆ ಗಂಭೀರವಾದುದೇ. ಆದರೆ ಮರಿಯಾ ಮಗುವನ್ನು ಅದರ ಪಾಡಿಗೆ ಬಿಟ್ಟವರಲ್ಲ. ಪರಿಸರವನ್ನು ಅಣಿಗೊಳಿಸಿ, ಹಿರಿಯರ ಕೋಪ ಮತ್ತು ಅಹಂಕಾರಗಳನ್ನು ಮೊದಲು ತಿದ್ದಿಕೊಳ್ಳಬೇಕೆಂದು ಒತ್ತಾಯಿಸಿದವರು. ಪಾಪದ ಬೇರು ಮಗುವಿನಲ್ಲಿರುವಂತೆ ಶಿಕ್ಷಕರಲ್ಲೂ ಇದೆಯೆಂಬುದನ್ನು ಮರೆಯದಿರುವುದು ಜನ್ಮಪಾಪದ ಬೋಧನೆಗೆ ಹೊರತಾದುದಲ್ಲ. 1918ರಲ್ಲಿ ಪೋಪ್ ಹದಿನೈದನೇ ಬೆನೆಡಿಕ್ಟರು ಅವರ ಕಾರ್ಯಕ್ಕೆ ಆಶೀರ್ವಾದ ನೀಡಿದರು. 1970ರಲ್ಲಿ, ಅವರ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, ಪೋಪ್ ಆರನೇ ಪೌಲರು ಅವರ ಕೆಲಸವನ್ನು ಗೌರವದಿಂದ ಸ್ಮರಿಸಿದರು.

ಭಾರತದಲ್ಲಿ ಮರಳಿದ ಮಗ

1912ರಲ್ಲಿ ತಾಯಿ ರೆನಿಲ್ದೆ ತೀರಿಕೊಂಡರು. ಅದಾದ ಸ್ವಲ್ಪದರಲ್ಲೇ, ಹದಿನೈದರ ಹುಡುಗನಾಗಿದ್ದ ಮಾರಿಯೋ ಮರಿಯಾರೊಡನೆ ಇರಲು ಬಂದ. ಆದರೂ ಜನರ ಮುಂದೆ ಆತ ಸೋದರಳಿಯನೆಂದೋ ದತ್ತುಮಗನೆಂದೋ ಕರೆಯಲ್ಪಟ್ಟನು. ಬೆಳೆದ ಮೇಲೆ ತಾಯಿಯ ಎಲ್ಲ ಕೆಲಸಗಳಿಗೂ ಆತನೇ ಬಲಗೈಯಾದನು.

ಇಟಲಿಯಲ್ಲಿ ಮುಸೊಲಿನಿಯ ಸರಕಾರವು 1924ರಿಂದ ಮಾಂಟೆಸ್ಸರಿ ಶಾಲೆಗಳಿಗೆ ಬೆಂಬಲ ನೀಡಿತು. ಆ ಬೆಂಬಲವನ್ನು ಮರಿಯಾ ಸ್ವೀಕರಿಸಿದರು. ಆದರೆ ಮಕ್ಕಳನ್ನು ಸೈನಿಕರನ್ನಾಗಿಸುವ ಕ್ರಮ ಬೇರೆ, ಮಕ್ಕಳನ್ನು ಮನುಷ್ಯರನ್ನಾಗಿಸುವ ಕ್ರಮ ಬೇರೆ. 1934ರಲ್ಲಿ ಸಂಬಂಧ ಮುರಿಯಿತು, ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿ ನಾಜಿಗಳೂ ಅವರ ಶಾಲೆಗಳನ್ನು ಮುಚ್ಚಿದರು. 1936ರ ಅಂತರ್ಯುದ್ಧ ಅವರನ್ನು ಸ್ಪೇನಿನಿಂದ ಹೊರಡಿಸಿತು.

1939ರಲ್ಲಿ, ಅರುವತ್ತೊಂಬತ್ತರ ವಯಸ್ಸಿನಲ್ಲಿ, ಥಿಯೊಸೊಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿ ದೇವಿಯವರ ಆಹ್ವಾನದ ಮೇರೆಗೆ ಅವರು ಮಾರಿಯೋ ಜೊತೆ ಮದರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳುಗಳಿಗೆಂದು ಬಂದವರು ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರಕಾರವು ಮಾರಿಯೋವನ್ನು ಶತ್ರುದೇಶದ ಪ್ರಜೆಯೆಂದು ಅಹ್ಮದ್‌ನಗರದ ಶಿಬಿರದಲ್ಲಿ ಬಂಧಿಸಿತು. ಮರಿಯಾ ಅಡ್ಯಾರಿನ ಆವರಣದೊಳಗೇ ಇರಬೇಕಾಯಿತು. ಆ ವರ್ಷದ ಆಗಸ್ಟ್ 31ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, ವೈಸರಾಯರಿಂದ ತಂತಿ ಬಂತು. ಹುಟ್ಟುಹಬ್ಬದ ಕೊಡುಗೆಯಾಗಿ ಅವರ ಮಗನನ್ನು ಬಿಡುಗಡೆ ಮಾಡಲಾಗುವುದೆಂಬುದು ಅದರ ಸಾರ. ನಲವತ್ತೆರಡು ವರ್ಷ ಬಹಿರಂಗವಾಗಿ ಆಡಲಾಗದಿದ್ದ ಮಗ ಎಂಬ ಮಾತು ಹೀಗೆ ಪರದೇಶದ ಸರಕಾರಿ ತಂತಿಯಲ್ಲಿ ಮೊದಲ ಬಾರಿಗೆ ಬಹಿರಂಗವಾಯಿತು. ದೇವರ ದಯೆಗೆ ದಾರಿಗಳು ಅನೇಕ.

ಅಡ್ಯಾರ್, ಕೊಡೈಕನಾಲ್ ಮತ್ತಿತರ ಕಡೆಗಳಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಶಿಕ್ಷಕ ಶಿಕ್ಷಕಿಯರು ಅವರಿಂದ ತರಬೇತಿ ಪಡೆದರು. ನಮ್ಮ ದೇಶದ ತಾಯಂದಿರು ಕೂಸನ್ನು ಸೊಂಟದಲ್ಲಿ ಎತ್ತಿಕೊಂಡು ಸಂತೆಗೂ ಕೆಲಸಕ್ಕೂ ಹೋಗುವುದನ್ನು ಅವರು ಆಸಕ್ತಿಯಿಂದ ಗಮನಿಸಿದರು. ಹೀಗೆ ಬಾಳಿನ ನಡುವೆಯೇ ಬೆಳೆಯುವ ಕೂಸು ಲೋಕವನ್ನೆಲ್ಲ ಹೀರಿಕೊಳ್ಳುವುದೆಂದು ತಿಳಿದರು. ಇಲ್ಲಿನ ಉಪನ್ಯಾಸಗಳಿಂದ ಮೂಡಿದ ಗ್ರಂಥ 1949ರಲ್ಲಿ ಅಡ್ಯಾರಿನಲ್ಲೇ ಪ್ರಕಟವಾಯಿತು. 1949, 1950 ಮತ್ತು 1951ರಲ್ಲಿ ಅವರ ಹೆಸರು ನೊಬೆಲ್ ಶಾಂತಿ ಪಾರಿತೋಷಕಕ್ಕೆ ಸೂಚಿಸಲ್ಪಟ್ಟಿತ್ತು. 1952ರ ಮೇ 6ರಂದು ಹಾಲೆಂಡಿನ ನೊರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅವರು ದೈವಾಧೀನರಾದರು. ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಮಾನವರಲ್ಲಿಯೂ ಲೋಕದಲ್ಲಿಯೂ ಶಾಂತಿಯನ್ನು ಕಟ್ಟಲು ತಮ್ಮೊಡನೆ ಕೈಜೋಡಿಸಿರೆಂದು ಮಕ್ಕಳನ್ನು ಬೇಡುವ ಬರಹ ಅದರ ಮೇಲಿದೆ.

ನಮ್ಮ ಮನೆಗಳಿಗೆ

ಸಾನ್ ಲೊರೆನ್ಸೊದ ತಾಯಂದಿರು ದುಡಿಯುವವರಾಗಿದ್ದರು. ನಮ್ಮ ಅನೇಕ ಕುಟುಂಬಗಳಲ್ಲೂ ಇಂದು ತಾಯಿ ಕಚೇರಿಗೆ, ತಂದೆ ಕೊಲ್ಲಿ ರಾಷ್ಟ್ರಕ್ಕೆ ಹೋಗಿರುತ್ತಾರೆ. ಮಗು ಅಜ್ಜಿಯ ಬಳಿಯೋ ಶಿಶುವಿಹಾರದಲ್ಲೋ ಬೆಳೆಯುತ್ತದೆ. ಮರಿಯಾ ಆ ತಾಯಂದಿರನ್ನು ಎಂದೂ ನಿಂದಿಸಲಿಲ್ಲ. ದುಡಿಯುವ ತಾಯಿಯೂ ಮಗುವಿಗೆ ಕ್ರಮಬದ್ಧವಾದ ದಿನವನ್ನು ಕೊಡಬಲ್ಲಳೆಂದು ನಂಬಿ ಆಕೆಯನ್ನೂ ಆ ಕಾರ್ಯದಲ್ಲಿ ಪಾಲುಗಾರಳಾಗಿಸಿದರು.

ಅವರ ದಿನಚರಿಯ ತಿರುಳನ್ನು ಪಾಲಿಸಲು ದುಬಾರಿ ಉಪಕರಣಗಳು ಬೇಕಾಗಿಲ್ಲ. ಏಳುವ, ಉಣ್ಣುವ, ಮಲಗುವ ವೇಳೆ ದಿನದಿನವೂ ಒಂದೇ ಆಗಿರಲಿ. ಬೆಳಿಗ್ಗೆ ಶಿಲುಬೆಯ ಗುರುತು, ಊಟಕ್ಕೆ ಮುನ್ನ ಒಂದು ಸಣ್ಣ ಪ್ರಾರ್ಥನೆ, ರಾತ್ರಿ ಮನೆಯವರ ಜಪಸರದಲ್ಲಿ ಒಂದು ದಶಕವಾದರೂ ಮಗುವಿನ ಪಾಲಿಗೆ ಇರಲಿ. ಮಗುವಿನ ಕೈಗೆ ನಿಜವಾದ ಕೆಲಸ ಸಿಗಲಿ: ತಟ್ಟೆ ಇಡುವುದು, ಸೊಪ್ಪು ಬಿಡಿಸುವುದು, ಗಿಡಕ್ಕೆ ಚೊಂಬಿನಲ್ಲಿ ನೀರು ಹಾಕುವುದು. ನಿಧಾನವಾಯಿತೆಂದು ಕಸಿದುಕೊಳ್ಳದಿರೋಣ. ದಿನದಲ್ಲಿ ಒಂದು ದೀರ್ಘವಾದ ಹೊತ್ತು ಯಾರೂ ಕರೆಯದ, ಯಾರೂ ಅವಸರಪಡಿಸದ, ಮೊಬೈಲು ಬೆಳಗದ ಹೊತ್ತಾಗಿರಲಿ. ಮಗು ತನ್ನಷ್ಟಕ್ಕೆ ಏನನ್ನೋ ಜೋಡಿಸುತ್ತಾ ಮೈಮರೆತಿದ್ದರೆ ಮುದ್ದಾಡಲೂ ಅಡ್ಡ ಬಾರದೆ ಕಾಯೋಣ. ಸಂಜೆ ಮಗು ಹಿಂದಿರುಗಿದಾಗ ಆ ದಿನ ನಡೆದುದನ್ನು ಹೇಳಲು ಬಿಟ್ಟು, ಕುಳಿತು ಕೇಳೋಣ.

ಈ ಕೊನೆಯದು ಎಲ್ಲಕ್ಕಿಂತ ಸುಲಭವಾಗಿ ತಪ್ಪಿಹೋಗುವಂಥದು. ಲೋಕದ ಮಕ್ಕಳಿಗೆಲ್ಲ ದಿನಚರಿ ಬರೆದ ಆ ತಾಯಿ ತನ್ನ ಮಗನ ಪಕ್ಕದಲ್ಲಿ ಹೀಗೆ ಕುಳಿತು ಕೇಳಲು ಹದಿನೈದು ವರ್ಷ ಕಾಯಬೇಕಾಯಿತು. ನಮಗೆ ಆ ಅಡ್ಡಿಯಿಲ್ಲ. ಶಿಷ್ಯರು ತಡೆದರೂ ಮಕ್ಕಳನ್ನು ತಮ್ಮ ಬಳಿಗೆ ಬರಗೊಟ್ಟು, ಅಪ್ಪಿಕೊಂಡು ಆಶೀರ್ವದಿಸಿದ ಪ್ರಭು ಯೇಸು, ನಮ್ಮ ಮನೆಯ ಪುಟ್ಟವರಿಗೆ ಪ್ರತಿದಿನವೂ ಆ ವೇಳೆಯನ್ನು ಮೀಸಲಿಡುವ ಮನಸ್ಸನ್ನು ನಮಗೆ ದಯಪಾಲಿಸಲಿ.